ರಾಮಾಪುರದ ಪುಟ್ಟ ಗಡ್ಡೆಗಳು

ಈ ಸಭೆಯ ಅಧ್ಯಕ್ಷ ಪೀಠದಲ್ಲಿ ಕುಳಿತಿರುವ ರೇಷ್ಮೆ ವರ್ತಕರಾದ ಶ್ರೀಮಾನ್ ಸದಾಶಿವಪ್ಪನವರೇ, ಬಹುಮಾನ ಹಂಚುವುದಕ್ಕೆಂದು ಯಳಂದೂರಿನಿಂದ ದಯಮಾಡಿಸಿರುವ ಗುರುಪಾದಸ್ವಾಮಿಯವರೇ, ಈ ಬಾಲಿಕಾ ಪಾಠಶಾಲೆಯ ಮುಖ್ಯೋಪಾಧ್ಯಾಯಿನಿ ಬಸವಮ್ಮನವರೇ, ಉಪಾಧ್ಯಾಯಿನಿಯರೇ, ಮುಂದೆ ಚಾಪೆಯ ಮೇಲೆ ಕುಳಿತು ಆಗಲೇ ಆಕಳಿಸುತ್ತಿರುವ ನನ್ನ ಮುದ್ದು ಮಕ್ಕಳೇ, ಅವರನ್ನು ಹೆತ್ತ ತಾಯಂದಿರೇ, ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತಿರುವ ತಂದೆಯರೇ, ಕೊಳ್ಳೇಗಾಲದ ಸಮಸ್ತ ಸಭಿಕರೇ,

ನಾನು ಭಾಷಣಕಾರ್ತಿಯಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಹದಿನೈದು ವರ್ಷದಿಂದ ಹೆರಿಗೆ ಮಾಡಿಸುವ ಮಿಡ್‌ವೈಫ್ ಶಿವರತ್ನಮ್ಮ. ಚಾಪೆಯ ಮೇಲಿರುವ ಈ ಮಕ್ಕಳಲ್ಲಿ ಬಹುಪಾಲು ಮಂದಿಗೆ ಈ ಲೋಕದಲ್ಲಿ ಮೊದಲ ಏಟು ಕೊಟ್ಟವಳು ನಾನೇ. ಹುಟ್ಟಿದ ಕೂಡಲೇ ಅಳಲಿಲ್ಲವೆಂದು ತಲೆಕೆಳಗೆ ಹಿಡಿದು ಬಾರಿಸಿದ್ದೇನೆ. ಆ ಸಿಟ್ಟಿಗೆ ಇವತ್ತು ನನ್ನ ಮಾತಿನ ನಡುವೆ ಗಲಾಟೆ ಮಾಡಬೇಡಿ ಎಂದು ಮೊದಲೇ ಕೇಳಿಕೊಳ್ಳುತ್ತೇನೆ.

ಬಸವಮ್ಮನವರು ಹೋದ ವಾರ ಆಸ್ಪತ್ರೆಗೆ ಬಂದು, "ರತ್ನಮ್ಮನೋರೇ, ವಾರ್ಷಿಕೋತ್ಸವಕ್ಕೆ ಬಂದೋರೆಲ್ಲ ವಿದ್ಯೆಯ ಮಹತ್ವ, ಸದ್ಗುಣದ ಮಹತ್ವ ಅಂತ ಮಾತಾಡ್ತಾರೆ, ಮಕ್ಕಳು ಒಬ್ಬರ ಮೇಲೊಬ್ಬರು ಒರಗಿ ನಿದ್ದೆ ಮಾಡ್ತವೆ. ನೀವು ಡಾಕ್ಟರುಗಳು ಆಡೋ ಒಂದು ಉದ್ದನೆ ಪದ ತಗೊಂಡು, ಅದನ್ನ ಹೆಂಗೆ ಬಿಡಿಸಬೇಕು, ಹೆಂಗೆ ಉಚ್ಚರಿಸಬೇಕು ಅಂತ ಹೇಳಿಕೊಡಿ" ಎಂದರು. ನಾನು ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಯಾವ ಪದ ಎಂದು ಯೋಚಿಸುವ ಕಷ್ಟವೇ ಬರಲಿಲ್ಲ. ನನ್ನ ಬಾಳಿನಲ್ಲಿ ಅಂಥ ಪದ ಇರುವುದು ಒಂದೇ. ಅದನ್ನೇ ಆ ಕರಿಹಲಗೆಯ ಮೇಲೆ ಬರೆಸಿದ್ದೇನೆ, ನೋಡಿ: ಸ್ಪ್ಲೀನೋಮೆಗಲಿ.

ನಗಬೇಡಿ. ಗ್ರೀಕರು ಎಂಬ ಪುರಾತನ ಜನರ ಮಾತಿನಿಂದ ಹುಟ್ಟಿದ ಪದ ಇದು. ಉದ್ದ ಕಂಡು ಹೆದರುವುದೇಕೆ? ಕಬ್ಬಿನ ಜಲ್ಲೆಯನ್ನು ನೀವು ಇಡಿಯಾಗಿ ಬಾಯಿಗೆ ಹಾಕಿಕೊಳ್ಳುತ್ತೀರಾ? ಗೆಣ್ಣು ಗೆಣ್ಣಾಗಿ ಮುರಿದು ತಿನ್ನುತ್ತೀರಿ. ಇದನ್ನೂ ಹಾಗೆಯೇ ಮುರಿಯೋಣ. ಸ್ಪ್ಲೀ. ನೋ. ಮೆ. ಗ. ಲಿ. ಐದು ತುಂಡು. ಎಲ್ಲಿ, ಕೈತಟ್ಟುತ್ತ ಹೇಳಿ. ಸ್ಪ್ಲೀ, ನೋ, ಮೆ, ಗ, ಲಿ. ಶಾಭಾಸ್! ಎಲ್ಲ ತುಂಡಿನ ಮೇಲೂ ಒಂದೇ ಭಾರ ಹಾಕಬಾರದು. ಮೂರನೆಯ ತುಂಡಾದ 'ಮೆ' ಬಂದಾಗ ಸ್ವಲ್ಪ ಒತ್ತಬೇಕು, ಮಿಕ್ಕವನ್ನು ಹಗುರವಾಗಿ ಬಿಡಬೇಕು. ಈಗ ಇನ್ನೊಮ್ಮೆ ಹೇಳಿ. ಅಧ್ಯಕ್ಷರೂ ಹೇಳುತ್ತಿದ್ದಾರೆ, ನೋಡಿ ಕಲಿಯಿರಿ.

ಆ ಮೂಲೆಯಿಂದ ಯಾರೋ 'ಇಸ್ಪ್ಲೀ' ಎಂದಿರಿ. ಅದು ನಿಮ್ಮ ತಪ್ಪಲ್ಲ. ನಮ್ಮ ಕಡೆಯ ನಾಲಿಗೆಗೆ ಅಂಥ ಒತ್ತಕ್ಷರ ಮೊದಲಿಗೇ ಬಂದರೆ ಅದಕ್ಕೂ ಮುಂಚೆ ಒಂದು 'ಇ' ಬೇಕು. ಇಸ್ಕೂಲು ಎನ್ನುತ್ತೇವೆ, ಇಸ್ಟೇಶನ್ನು ಎನ್ನುತ್ತೇವೆ. ಇದಕ್ಕೆ ಒಬ್ಬಳು ಅಕ್ಕ ಇದ್ದಾಳೆ, ಹೆಪಟೋಮೆಗಲಿ, ಈಲಿಗೆ, ಅಂದರೆ ಲಿವರಿಗೆ, ಬರುವ ಇದೇ ಕಾಯಿಲೆ. ಅವಳ ಗತಿಯೇನು? ಹನೂರು ದಾಟುವಷ್ಟರಲ್ಲಿ ಅವಳ 'ಹ' ಉದುರಿಹೋಗಿ ಬರೀ ಎಪಟೋಮೆಗಲಿ ಆಗುತ್ತಾಳೆ.

ಇದಿಷ್ಟು ಉಚ್ಚಾರದ ಮಾತಾಯಿತು. ಇನ್ನು ಅರ್ಥ. ನಾಲಿಗೆಗೆ ಐದು ತುಂಡಾದ ಈ ಪದ ಅರ್ಥಕ್ಕೆ ಎರಡೇ ತುಂಡು. ಮೊದಲನೆಯದು 'ಸ್ಪ್ಲೀನ್', ಅಂದರೆ ಗುಲ್ಮ. ನಮ್ಮ ಎಡಪಕ್ಕೆಯ ಒಳಗೆ ಅಡಗಿ ಕುಳಿತಿರುವ ಅಂಗ. ಚಳಿಜ್ವರ ಮತ್ತೆ ಮತ್ತೆ ಬಂದವರಿಗೆ ಇದು ಊದಿಕೊಂಡು ಪಕ್ಕೆಯ ಕೆಳಗೆ ಇಳಿಯುತ್ತದೆ. ನಮ್ಮವರು ಜ್ವರಗಡ್ಡೆ ಎನ್ನುವುದು ಇದನ್ನೇ. ಎರಡನೆಯ ತುಂಡು 'ಮೆಗಲಿ'. ಎರಡರ ನಡುವೆ ಬೆಸುಗೆಗೆ ಒಂದು 'ಓ'. ಆ ಮೆಗಲಿ ಎಂದರೆ ಏನು?

ಮಹನೀಯರೇ, ಈ ಪ್ರಶ್ನೆಗೆ ಉತ್ತರ ಹೇಳಿ ನಾನು ಒಮ್ಮೆ ಒಂದು ಊರನ್ನೇ ಓಡಿಸಿದ್ದೇನೆ. ಬಸವಮ್ಮನವರು ಕೊಟ್ಟ ಹೊತ್ತಿನಲ್ಲಿ ಆ ಕಥೆ ಮುಗಿಯುತ್ತದೋ ಇಲ್ಲವೋ. ಅಧ್ಯಕ್ಷರು ಗಂಟೆಯ ಮೇಲಿನ ಕೈ ತೆಗೆದರೆ ಹೇಳುತ್ತೇನೆ. ತೆಗೆದರು, ಸಂತೋಷ.

ಆಗ ನನಗೆ ಹತ್ತೊಂಬತ್ತು ವರ್ಷ. ಸಾವಿರದ ಒಂಬೈನೂರ ಮೂವತ್ತೇಳನೆಯ ಇಸವಿ. ನಮ್ಮದು ಮಧುವನಹಳ್ಳಿ. ನಮ್ಮ ತಂದೆ ಕೆಂಪನಂಜಪ್ಪನವರು ಹೆಣ್ಣುಮಗಳೆಂದು ನೋಡದೆ ಎಂಟನೆಯ ತರಗತಿಯವರೆಗೆ ಓದಿಸಿದ್ದರು. ನಾವು ಆಗಲೂ ಕೊಯಮತ್ತೂರು ಜಿಲ್ಲೆಯವರಲ್ಲವೇ, ಶಾಲೆಯಲ್ಲಿ ತಮಿಳೂ ಬಂತು, ಇಂಗ್ಲಿಷೂ ಒಂದಷ್ಟು ಬಂತು. ನಮ್ಮ ತಾಲೂಕು ಮುಂದೆ ಯಾವ ರಾಜ್ಯಕ್ಕೆ ಸೇರುತ್ತದೋ ಗೊತ್ತಿಲ್ಲ. ದೊಡ್ಡವರು ಮಾತಾಡಿಕೊಳ್ಳುತ್ತಿದ್ದಾರೆ, ಎಲ್ಲಿಗೆ ಸೇರಿದರೂ ಹೆರಿಗೆ ನಿಲ್ಲುವುದಿಲ್ಲ. ಏನು ಹೇಳುತ್ತಿದ್ದೆ? ಹೌದು, ಹತ್ತೊಂಬತ್ತು ವರ್ಷ. ಮದುವೆಯೂ ಆಗಿತ್ತು, ಹದಿನೇಳಕ್ಕೇ ತೌರಿಗೆ ಹಿಂತಿರುಗಿಯೂ ಆಗಿತ್ತು. ನಾಲ್ಕು ದಿನದ ಜ್ವರ. ಅವರು ಹೋದರು, ನಾನು ಉಳಿದೆ. ಇದನ್ನು ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ. ಆದರೆ ಇದನ್ನು ಬಿಟ್ಟರೆ ಮುಂದಿನದು ನಿಮಗೆ ತಿಳಿಯುವುದಿಲ್ಲ.

ಆ ವರ್ಷ ರಾಮಾಪುರದ ಸುತ್ತಿನ ಹಳ್ಳಿಗಳಲ್ಲಿ ಚಳಿಜ್ವರ ವಿಪರೀತ. ಕಾಡಿನಂಚಿನ ಊರುಗಳು ನೋಡಿ. ಸರ್ಕಾರ ಕೊಯಮತ್ತೂರಿನಿಂದ ಡಾಕ್ಟರ್ ಮುತ್ತಯ್ಯ ಎಂಬವರನ್ನು ಕಳಿಸಿತು. ಅವರು ಮಕ್ಕಳ ಹೊಟ್ಟೆ ಮುಟ್ಟಿ, ಗಡ್ಡೆ ಪಕ್ಕೆಯ ಕೆಳಗೆ ಎಷ್ಟು ಬೆರಳು ಇಳಿದಿದೆ ಎಂದು ಬರೆಯಬೇಕು, ಹತ್ತು ದಿನ ತಪ್ಪದೆ ಕ್ವಿನೈನು ಕುಡಿಸಬೇಕು. ಅವರಿಗೆ ಕನ್ನಡ ಅರ್ಧ, ಊರಿನ ಹೆಂಗಸರಿಗೆ ಗಂಡಸು ಡಾಕ್ಟರೆಂದರೆ ಸಂಕೋಚ. ಎರಡೂ ಭಾಷೆ ಬಲ್ಲ, ಓದಿದ ಹೆಣ್ಣೊಬ್ಬಳು ಬೇಕೆಂದು ಹುಡುಕಿದರು. ಮನೆಯಲ್ಲಿ ಸುಮ್ಮನೆ ಕುಳಿತಿದ್ದವಳು ನಾನೊಬ್ಬಳೇ. ನಮ್ಮ ತಂದೆ ಮೂರು ದಿನ ಯೋಚಿಸಿ, "ಓಗವ್ವಾ, ಅತ್ತೆ ಮನೇಲಿದ್ಕೊಂಡು ಮಾಡು. ಇಲ್ಲಿ ಕೂತು ಗೋಡೆ ನೋಡೋದಕ್ಕಿಂತ ಅದು ವಾಸಿ" ಎಂದರು. ರಾಮಾಪುರದಲ್ಲಿ ನನ್ನ ಸೋದರತ್ತೆಯ ಮನೆಯಿತ್ತು. ಗಾಡಿ ಕಟ್ಟಿಸಿ ಕಳಿಸಿದರು.

ಡಾಕ್ಟರ್ ಮುತ್ತಯ್ಯನವರು ತೆಳ್ಳಗೆ, ಎತ್ತರಕ್ಕೆ ಇದ್ದರು. ಬೆರಳುಗಳು ಉದ್ದ. ಮಕ್ಕಳ ಹೊಟ್ಟೆ ಮುಟ್ಟುವ ಮೊದಲು ಎರಡು ಅಂಗೈಯನ್ನೂ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಮಗುವಿಗೆ ತಣ್ಣಗೆ ತಗಲಬಾರದಲ್ಲ! ಅಂಥ ಡಾಕ್ಟರನ್ನು ನಾನು ಆಮೇಲೆ ನೋಡಲಿಲ್ಲ. ಅವರ ಕೈಬರಹದ ಒಂದು ಚೀಟಿ ಈಗಲೂ ನನ್ನ ಟ್ರಂಕಿನಲ್ಲಿದೆ. ಅದು ಈ ಭಾಷಣಕ್ಕೆ ಸಂಬಂಧಿಸಿದ್ದಲ್ಲ.

ಚಾವಡಿಯಲ್ಲಿ ಕ್ಯಾಂಪು. ಅವರು ಮಗುವನ್ನು ಮಲಗಿಸಿ, ಎಡಪಕ್ಕೆಯ ಕೆಳಗೆ ಕೈಯಿಟ್ಟು, "ಸ್ಪ್ಲೀನೋಮೆಗಲಿ, ಟೂ ಫಿಂಗರ್ಸ್" ಎನ್ನುವರು. ನಾನು ರಿಜಿಸ್ಟರಿನಲ್ಲಿ ಬರೆಯುವೆ. ಮೊದಲ ದಿನ ಆ ಪದ ನನ್ನ ಬಾಯಿಂದ ಹೊರಡಲಿಲ್ಲ. ಈಗ ನಿಮಗೆ ಹೇಳಿಕೊಟ್ಟ ಹಾಗೆಯೇ ಅವರು ಐದು ತುಂಡು ಮಾಡಿ ಹೇಳಿಕೊಟ್ಟರು, ಎರಡು ತುಂಡು ಮಾಡಿ ಅರ್ಥ ಹೇಳಿದರು. ನಾನು ಸಾಯಂಕಾಲವೆಲ್ಲ ಅತ್ತೆಯ ಹಿತ್ತಿಲಲ್ಲಿ ಹೂ ಬಿಡಿಸುತ್ತ ಸ್ಪ್ಲೀ ನೋ ಮೆ ಗ ಲಿ ಎಂದುಕೊಳ್ಳುತ್ತಿದ್ದೆ. ನಮ್ಮತ್ತೆ, "ಏನೇ ಅದು, ಯಾವ ದೇವರ ಎಸ್ರು?" ಎಂದು ಕೇಳಿದ್ದರು. ಎರಡು ವರ್ಷದಿಂದ ಯಾವುದಕ್ಕೂ ಬಾಯಿ ತೆರೆಯದಿದ್ದವಳು ಬಾಯಿ ತೆರೆದಳಲ್ಲಾ ಎಂದು ಅವರಿಗೆ ಒಳಗೊಳಗೇ ಸಂತೋಷ.

ನಾಲ್ಕು ದಿನ ಚೆನ್ನಾಗಿ ನಡೆಯಿತು. ಮಕ್ಕಳು ಕಚಗುಳಿಗೆ ನಗುವವು, ಕ್ವಿನೈನಿಗೆ ಅಳುವವು, ಬೆಲ್ಲ ಕೊಟ್ಟರೆ ಸುಮ್ಮನಾಗುವವು. ಅವುಗಳಲ್ಲಿ ಒಂದು ತಿಪ್ಪ. ಐದು ವರ್ಷದ ಕೂಸು, ಕಾಲು ಕಡ್ಡಿ, ಹೊಟ್ಟೆ ಮಾತ್ರ ಗುಡಾಣ. ಗಡ್ಡೆ ಹೊಕ್ಕುಳದ ಹತ್ತಿರಕ್ಕೆ ಬಂದಿತ್ತು, ಐದು ಬೆರಳು. ಅವನ ತಾಯಿ ಪುಟ್ಟಮಾದಮ್ಮನಿಗೆ ಅವನಿಗಿಂತ ಮೊದಲು ಹುಟ್ಟಿದ ಮೂರೂ ದಕ್ಕಿರಲಿಲ್ಲ. ಇದಾದರೂ ಉಳಿಯಲಿ ಎಂದು ಹುಟ್ಟಿದ ಕೂಡಲೇ ತಿಪ್ಪೆಯ ಮೇಲೆ ಉರುಳಿಸಿ ಎತ್ತಿಕೊಂಡು ತಿಪ್ಪ ಎಂದು ಕರೆದಿದ್ದರು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಇಂದ ಪೈಯನ್ ಒಂದು ದಿನವೂ ಮರುಂದು ತಪ್ಪಬಾರದಮ್ಮಾ. ಇನ್ನೊಂದು ದೊಡ್ಡ ಜ್ವರ ತಾಂಗಮಾಟ್ಟಾನ್" ಎಂದಿದ್ದರು. ಈ ಹುಡುಗನಿಗೆ ಒಂದು ದಿನವೂ ಔಷಧಿ ತಪ್ಪಬಾರದು, ಇನ್ನೊಂದು ಜ್ವರ ಬಂದರೆ ತಡೆಯಲಾರ ಎಂದರ್ಥ.

ನಾಲ್ಕನೆಯ ದಿನ ಡಾಕ್ಟರು ಊಟಕ್ಕೆ ಹೋಗಿದ್ದಾಗ ಹೆಂಗಸರು ನನ್ನ ಸುತ್ತ ಕುಳಿತರು. ಒಬ್ಬಳು ಕೇಳಿದಳು: "ಅದೇನವ್ವಾ, ದಾಕುಟ್ರು ಕೂಸಿನ ಒಟ್ಟೆ ಮುಟ್ಬುಟ್ಟು ಮಂತ್ರ ಏಳ್ದಂಗೆ ಏಳ್ತಾರಲ್ಲ, ಅದರ ಅರ್ತ ಏನು?"

ಕೇಳಬಾರದಿತ್ತು. ಕೇಳಿದರೂ ನಾನು ಹೇಳಬಾರದಿತ್ತು. ಆದರೆ ಎಂಟನೆಯ ತರಗತಿ ಓದಿದ ಹೆಣ್ಣಿಗೆ, ಎರಡು ವರ್ಷ ಯಾರೂ ಏನನ್ನೂ ಕೇಳದೆ ಬಿಟ್ಟಿದ್ದ ಹೆಣ್ಣಿಗೆ, ಇಪ್ಪತ್ತು ಜನ ಸುತ್ತ ಕುಳಿತು ಅರ್ಥ ಕೇಳಿದರೆ ತಲೆ ನಿಲ್ಲುತ್ತದೆಯೇ? ಸೀಮೆಸುಣ್ಣ ತೆಗೆದುಕೊಂಡೆ. ಚಾವಡಿಯ ಕಲ್ಲಿನ ಮೇಲೆ ಪದ ಬರೆದೆ. ನಡುವೆ ಗೆರೆ ಎಳೆದೆ. "ಇದು ಸ್ಪ್ಲೀನ್, ಅಂದ್ರೆ ಗಡ್ಡೆ. ಇದು ಮೆಗಲಿ, ಅಂದ್ರೆ ದೊಡ್ಡದು. ಗಡ್ಡೆ ದೊಡ್ಡದಾಗಿದೆ ಅಂತ" ಎಂದೆ. ಅಷ್ಟಕ್ಕೆ ನಿಲ್ಲಿಸಿದ್ದರೂ ಆಗುತ್ತಿತ್ತು. ಉದಾಹರಣೆ ಕೊಡದ ಮೇಷ್ಟ್ರು ಎಂಥ ಮೇಷ್ಟ್ರು? ಪುಟ್ಟಮಾದಮ್ಮನ ತೊಡೆಯ ಮೇಲಿದ್ದ ತಿಪ್ಪನ ಹೊಟ್ಟೆಯ ಮೇಲೆ ಕೈಯಿಟ್ಟು, "ಈಗ ನೋಡಿ, ಇಡೀ ಊರಿಗೇ ದೊಡ್ಡದು ಇವನದು" ಎಂದುಬಿಟ್ಟೆ.

ತಾಯಂದಿರೇ, ನೀವು ಈಗ ಬಾಯಿ ಮೇಲೆ ಕೈಯಿಟ್ಟುಕೊಂಡಿರಿ. ಅವರೂ ಹಾಗೆಯೇ ಇಟ್ಟುಕೊಂಡರು. ನಮ್ಮ ಕಡೆ ಕೂಸಿನ ಯಾವುದನ್ನಾದರೂ ದೊಡ್ಡದು ಎನ್ನುವುದುಂಟೇ? ಕೂಸು ಹೊಟ್ಟೆ ತುಂಬ ಉಂಡಿತು ಎನ್ನುವುದಿಲ್ಲ, ಚೂರು ಮುಟ್ಟಿತು ಎನ್ನುತ್ತೇವೆ. ಎತ್ತರವಾಯಿತು ಎನ್ನುವುದಿಲ್ಲ, ಅಂಗಿ ಗಿಡ್ಡವಾಯಿತು ಎನ್ನುತ್ತೇವೆ. ದೊಡ್ಡದು ಎಂದರೆ ಕಣ್ಣು ಬೀಳುತ್ತದೆ, ಅಂದದ್ದು ಇನ್ನೂ ಬೆಳೆಯುತ್ತದೆ. ನನಗೆ ಇದು ತಿಳಿದಿರಲಿಲ್ಲವೇ? ನಾನೂ ಈ ನೆಲದವಳೇ, ತಿಳಿದಿತ್ತು. ಆ ಗಳಿಗೆಯಲ್ಲಿ ಗ್ರೀಕು ತಲೆಗೆ ಏರಿತ್ತು.

ಪುಟ್ಟಮಾದಮ್ಮ "ಥೂ, ಥೂ, ಥೂ" ಎಂದು ಮೂರು ಸಲ ಉಗುಳಿ, ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎದ್ದಳು. ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. ಹೋಗುತ್ತ ಒಬ್ಬಳು ಮೆಲ್ಲಗೆ ಅಂದದ್ದು ನನಗೆ ಕೇಳಿಸಿತು: "ಗಂಡನ್ನ ತಿನ್ಕೊಂಡ ಬಾಯಿ. ಅದ್ರಾಗೆ ದೊಡ್ಡದು ಅಂತ ಬೇರೆ ಬಂತಲ್ಲಪ್ಪಾ."

ಮರುದಿನ ಚಾವಡಿಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಕ್ವಿನೈನಿನ ಸೀಸೆಗಳು, ಬೆಲ್ಲದ ಡಬ್ಬಿ, ಡಾಕ್ಟರು ಮತ್ತು ನಾನು. ಡಾಕ್ಟರು, "ಯಾಕಮ್ಮಾ, ಯಾರೂ ಇಲ್ಲೆ?" ಎಂದು ಕೇಳಿದರು. ನಾನು ಕಣ್ಣು ತಗ್ಗಿಸಿ, "ಕಳೆ ಕೀಳೋಕೆ ಹೋಗಿರಬೇಕು ಸಾರ್" ಎಂದೆ. ಮಕ್ಕಳೇ, ಇದು ಸದ್ಗುಣದ ಭಾಷಣವಲ್ಲವಾದ್ದರಿಂದ ಹೇಳುತ್ತಿದ್ದೇನೆ, ನಾನು ಸುಳ್ಳು ಹೇಳಿದೆ. ಅದರ ಮರುದಿನವೂ ಯಾರೂ ಇಲ್ಲ. ಡಾಕ್ಟರು ರಿಜಿಸ್ಟರು ಮುಚ್ಚಿ, ಇಲ್ಲಿ ಜನ ಬಾರದಿದ್ದರೆ ಶನಿವಾರ ಕ್ಯಾಂಪನ್ನು ಹನೂರಿಗೆ ಒಯ್ಯುವಂತೆ ಮೇಲಿನವರ ಆಜ್ಞೆ ಇದೆ ಎಂದರು. ಅವತ್ತು ಗುರುವಾರ. ಮಧ್ಯಾಹ್ನ ಅತ್ತೆ ಹೇಳಿದರು, ತಿಪ್ಪನಿಗೆ ಬೆಳಗಿನಿಂದ ಮೈ ಬಿಸಿಯಂತೆ.

ಆ ಕೂಸು ಹೋದರೆ ಊರು ಏನನ್ನುತ್ತದೆ ಎಂಬುದು ನನಗೆ ನೆನಪಾಗಲಿಲ್ಲ. ನಿಜವಾಗಿಯೂ ನೆನಪಾಗಲಿಲ್ಲ. ನೆನಪಾದದ್ದು ಆ ಹೊಟ್ಟೆಯ ಮೇಲೆ ಕೈಯಿಟ್ಟಾಗ ಅವನು ಕಚಗುಳಿಯೆಂದು ನಕ್ಕದ್ದು. ಡಾಕ್ಟರ ಬಳಿಗೆ ಹೋಗಿ ಎಲ್ಲವನ್ನೂ ಹೇಳಿ ಅತ್ತುಬಿಟ್ಟೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಸುಮ್ಮನೆ ಕೇಳಿ, "ಎಂಗಮ್ಮಾವೂ ಅಪ್ಪಡಿತ್ತಾನ್. ನಮ್ಮ ತಾಯಿಯೂ ಹಾಗೇ ಅಮ್ಮಾ, ದೊಡ್ಡದು ಅಂದರೆ ಹೊಡೆಯುತ್ತಾಳೆ" ಎಂದರು. ಆಮೇಲೆ, "ನೀನೇ ಹೋಗಿ ಕೇಳು, ಏನು ಮಾಡಿದರೆ ಬರುತ್ತಾರೆ ಎಂದು" ಎಂದರು.

ಪುಟ್ಟಮಾದಮ್ಮನ ಕೇರಿಗೆ ಅಲ್ಲಿಯವರೆಗೆ ನಮ್ಮ ಮನೆಯ ಹೆಂಗಸರು ಕಾಲಿಟ್ಟದ್ದಿಲ್ಲ. ಅತ್ತೆ ತಡೆಯಲಿಲ್ಲ, ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನಾನು ಹೋದೆ. ಗುಡಿಸಲಿನ ಮುಂದೆ ಪುಟ್ಟಮಾದಮ್ಮನ ಅತ್ತೆ ದೊಡ್ಡಮಾದಮ್ಮ ಕುಳಿತು ರಾಗಿ ಕೇರುತ್ತಿದ್ದಳು. ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನಾನು, "ಅಜ್ಜೀ, ತಪ್ಪು ಮಾತಾಡಿದೆ. ಏನು ಮಾಡಬೇಕು ಹೇಳಿ, ಮಾಡ್ತೀನಿ. ಕೂಸಿಗೆ ಔಷಧಿ ಮಾತ್ರ ತಪ್ಪಿಸಬೇಡಿ" ಎಂದೆ.

ಮುದುಕಿ ಮೊರ ಕೆಳಗಿಟ್ಟಳು. "ನನ್ನ ಎಸ್ರು ಏನು ಗೊತ್ತಾ? ದೊಡ್ಡಮಾದಿ. ನನ್ ತಂಗಿ ಚಿಕ್ಕಮಾದಿ. ಒಳಗವಳಲ್ಲ ಸೊಸೆ, ಅವ್ಳು ಪುಟ್ಟಮಾದಿ. ಮಾದೇವ ಒಬ್ನೇಯ. ದೊಡ್ಡದು, ಚಿಕ್ಕದು, ಪುಟ್ಟದು ಅಂತ ಮುಂದ್ಗಡೆ ಅಂಟ್ಸೋರು ನಾವು. ನಿಮ್ ದಾಕುಟ್ರು ಆ ಗಡ್ಡೆಗೆ ದೊಡ್ಡದು ಅಂತ ಇಂದ್ಗಡೆ ಅಂಟ್ಸವ್ರೆ. ಅದನ್ನ ಕಿತ್ತಾಕಿ ಮುಂದ್ಗಡೆ ಪುಟ್ಟ ಅಂತ ಅಂಟ್ಸಿ. ಊರ್ ಮುಂದೆ ಬಾಯಿ ತುಂಬ ಪುಟ್ಟದು ಅನ್ನಿ. ಆಗ ಬತ್ತೀವಿ" ಎಂದಳು. ಗ್ರೀಕು ಪದದ ಬೇರು ಯಾವುದು, ತುದಿ ಯಾವುದು ಎಂದು ಅಕ್ಷರ ಬಾರದ ಆ ಮುದುಕಿ ನನಗಿಂತ ಚೆನ್ನಾಗಿ ತಿಳಿದುಕೊಂಡಿದ್ದಳು.

ಡಾಕ್ಟರು ಮೊದಲು ಒಪ್ಪಲಿಲ್ಲ. "ನಾನು ಎಂ.ಬಿ.ಬಿ.ಎಸ್. ಅಮ್ಮಾ. ಐದು ಬೆರಳಿನ ಸ್ಪ್ಲೀನನ್ನು ಪುಟ್ಟದು ಅನ್ನಲಾ?" ಎಂದರು. ನಾನು, "ಬರೆಯೋದು ನಿಜಾನೇ ಬರೀರಿ ಸಾರ್. ಬಾಯಲ್ಲಿ ಮಾತ್ರ ಪುಟ್ಟದು ಅನ್ನಿ" ಎಂದೆ. ಅವರು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಯೋಚಿಸಿ "ಶರಿ" ಎಂದರು.

ಶುಕ್ರವಾರ ಬೆಳಿಗ್ಗೆ ನಾನು ಚಾವಡಿಯ ಮೆಟ್ಟಿಲ ಮೇಲೆ ನಿಂತು, ಊರಿಗೆಲ್ಲ ಕೇಳಿಸುವ ಹಾಗೆ, "ಪುಟ್ಟ ಗಡ್ಡೆ ತಿಪ್ಪಯ್ಯಾ, ಬಾರಪ್ಪಾ!" ಎಂದು ಕೂಗಿದೆ. ಯಾರೂ ಬರಲಿಲ್ಲ. ಇನ್ನೊಮ್ಮೆ ಕೂಗಿದೆ. ಮೂರನೆಯ ಸಲವೂ ಕೂಗಿದೆ. ಆಗ ಬೀದಿಯ ಕೊನೆಯಲ್ಲಿ ಪುಟ್ಟಮಾದಮ್ಮ ಕಂಡಳು. ಕೂಸು ಹೆಗಲ ಮೇಲೆ, ಕೆನ್ನೆಯ ಮೇಲೆ ಕಾಸಿನಗಲ ಕಾಡಿಗೆ, ಹಿಂದೆ ಮುದುಕಿ, ಮುದುಕಿಯ ಹಿಂದೆ ಇಡೀ ಕೇರಿ. ಮಹನೀಯರೇ, ನಾನು ಆ ಮೇಲೆ ಎಷ್ಟೋ ಮೆರವಣಿಗೆ ನೋಡಿದ್ದೇನೆ, ಸ್ವಾತಂತ್ರ್ಯ ಬಂದ ದಿನದ್ದೂ ನೋಡಿದ್ದೇನೆ. ಅಂಥ ಸಂತೋಷ ಯಾವುದರಲ್ಲೂ ಆಗಲಿಲ್ಲ.

ಡಾಕ್ಟರು ಅಂಗೈ ಉಜ್ಜಿಕೊಂಡು ತಿಪ್ಪನ ಪಕ್ಕೆ ಮುಟ್ಟಿದರು. ಅವರು ನನ್ನ ಕಡೆ ನೋಡಿ, ಜನದ ಕಡೆ ನೋಡಿ, ಗಟ್ಟಿಯಾಗಿ ಹೇಳಿದರು: "ಪುಟ್ಟದು." ಎಂ.ಬಿ.ಬಿ.ಎಸ್. ಮನಸ್ಸು ತಡೆಯಲಿಲ್ಲವೇನೋ, ಒಡನೆಯೇ ಸೇರಿಸಿದರು: "ರೊಂಬ ರೊಂಬ ರೊಂಬ ರೊಂಬ ರೊಂಬ ಪುಟ್ಟದು!" ರೊಂಬ ಎಂದರೆ ತಮಿಳಿನಲ್ಲಿ ಬಹಳ. ಐದು ಬೆರಳಿಗೆ ಐದು ರೊಂಬ. ನಾನು ರಿಜಿಸ್ಟರಿನಲ್ಲಿ ಐದು ಎಂದು ಬರೆದೆ. ಮುಂದಿನ ಕೂಸಿಗೆ ಎರಡು ರೊಂಬ, ಎರಡು ಬೆರಳು. ಗಡ್ಡೆಯೇ ಇಲ್ಲದ ಕೂಸು ಬಂದರೆ ಮಾತ್ರ ಬರೀ "ಶರಿ, ಪೋ", ಅಂದರೆ ಸರಿ, ಹೋಗು.

ಆ ಜನ ದಡ್ಡರೆಂದು ತಿಳಿದಿರಾ? ಮಧ್ಯಾಹ್ನದ ಹೊತ್ತಿಗೆ ಪ್ರತಿಯೊಬ್ಬ ತಾಯಿಗೂ ಲೆಕ್ಕ ಗೊತ್ತಾಗಿತ್ತು. ರಾಮಾಪುರದ ಗಡಿಯ ಜನಕ್ಕೆ ರೊಂಬ ಎಂದರೇನೆಂದು ಡಾಕ್ಟರು ಹೇಳಿಕೊಡಬೇಕೇ? "ನಿನ್ನ ಕೂಸಿಗೆ ಎಷ್ಟು ರೊಂಬ?" "ನಮ್ದು ಮೂರು ಕಣಕ್ಕ." ಯಾರಿಗೂ ಮೋಸವಾಗಲಿಲ್ಲ, ಎಲ್ಲರಿಗೂ ನಿಜ ತಿಳಿದಿತ್ತು. ಆ ನಿಜವನ್ನು ಹೇಗೆ ಆಡಬೇಕೋ ಹಾಗೆ ಆಡಿದರೆ ಸಾಕಾಗಿತ್ತು. ಶನಿವಾರ ಕ್ಯಾಂಪು ಹನೂರಿಗೆ ಹೋಗಲಿಲ್ಲ.

ತಿಪ್ಪನ ಜ್ವರ ಮೂರು ದಿನ ಹತ್ತಿ ಇಳಿದು ಕಾಡಿಸಿತು. ನಾನೇ ದಿನಕ್ಕೆ ಮೂರು ಸಲ ಅವರ ಗುಡಿಸಲಿಗೆ ಹೋಗಿ, ತೊಡೆಯ ಮೇಲೆ ಹಾಕಿಕೊಂಡು ಕ್ವಿನೈನು ಕುಡಿಸಿದೆ. ಮೊದಲ ದಿನ ಪುಟ್ಟಮಾದಮ್ಮ ಕೂಸನ್ನು ನನ್ನ ಕೈಗೆ ಕೊಡುವಾಗ ಅವಳ ಕೈ ಬಿಗಿಯಾಗಿಯೇ ಇತ್ತು. ಮೂರನೆಯ ದಿನ ಸಡಿಲಾಯಿತು. ನಾಲ್ಕನೆಯ ದಿನ ಕೂಸಿನ ಮೈ ಬೆವರಿ ತಣ್ಣಗಾಯಿತು, ಕಣ್ಣು ಬಿಟ್ಟು ಬೆಲ್ಲ ಕೇಳಿತು. ಮತ್ತೆ ಒಂದರಿಂದ ಎಣಿಸಿ, ಹತ್ತು ದಿನದ ಔಷಧಿ ಹತ್ತು ದಿನವೂ ನಡೆಯಿತು.

ಮೂರು ತಿಂಗಳಾದ ಮೇಲೆ ಡಾಕ್ಟರು ಮರುಪರೀಕ್ಷೆಗೆ ಬಂದರು. ಇಡೀ ಊರು ಚಾವಡಿಯಲ್ಲಿ. ತಿಪ್ಪನನ್ನು ಮಲಗಿಸಿ ಕೈಯಿಟ್ಟು ಹುಡುಕಿದರು, ಮತ್ತೆ ಹುಡುಕಿದರು. ಆಮೇಲೆ ಮುಖವರಳಿಸಿ, "ರೊಂಬ ಪುಟ್ಟದು" ಎಂದರು. ಒಂದೇ ರೊಂಬ! ಪುಟ್ಟಮಾದಮ್ಮ ಬೆರಳು ಮಡಿಸಿಕೊಂಡು ಕಾದು ನಿಂತಿದ್ದವಳು, ಎರಡನೆಯದು ಬರಲಿಲ್ಲವೆಂದು ಖಾತ್ರಿಯಾದ ಮೇಲೆ, "ಒಂದೇಯ! ಅವ್ವಾ, ಒಂದೇ ರೊಂಬ ಅಂದ್ರು ಕಣವ್ವಾ!" ಎಂದು ಕೂಗಿ ನನ್ನನ್ನು ತಬ್ಬಿಕೊಂಡಳು. ಯಾರು ಯಾರನ್ನು ಮುಟ್ಟಬಾರದು ಎಂಬುದು ಅವಳಿಗೂ ಮರೆತಿತ್ತು, ನನಗೂ ಮರೆತಿತ್ತು. ಗಂಡ ಹೋದ ಮೇಲೆ ನನ್ನನ್ನು ಯಾರಾದರೂ ತಬ್ಬಿಕೊಂಡದ್ದು ಅವತ್ತೇ.

ಡಾಕ್ಟರು ಹೊರಡುವ ಮೊದಲು ನಮ್ಮ ತಂದೆಗೆ ಒಂದು ಕಾಗದ ಬರೆದರು, ಈ ಮಗಳನ್ನು ಹೆರಿಗೆ ಕೆಲಸದ ತರಬೇತಿಗೆ ಕಳಿಸಿ ಎಂದು. ನಾನು ಕೊಯಮತ್ತೂರಿಗೆ ಹೋದೆ, ಕಲಿತೆ, ಬಂದೆ. ಅವರಿಗೆ ಅಷ್ಟರಲ್ಲಿ ದೂರದ ಊರಿಗೆ ವರ್ಗವಾಗಿತ್ತು. ಎಲ್ಲಿದ್ದರೂ ಚೆನ್ನಾಗಿರಲಿ.

ಅಧ್ಯಕ್ಷರ ಕೈ ಗಂಟೆಯ ಕಡೆ ಹೊರಟಿದೆ. ಮುಗಿಸಿಬಿಡುತ್ತೇನೆ.

ಹೋದ ತಿಂಗಳು ಒಂದು ಸೋಮವಾರ ಹೆರಿಗೆ ವಾರ್ಡಿನಲ್ಲಿದ್ದೆ. ರಾಮಾಪುರದ ಬಸ್ಸಿಳಿದು ಪುಟ್ಟಮಾದಮ್ಮ ಬಂದಳು. ಕೂದಲು ನೆರೆತಿದೆ. ಹಿಂದೆ ಒಬ್ಬ ಆಳೆತ್ತರದ ಗಂಡಸು, ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದ. ಹೊಸ ಸೀರೆಯುಟ್ಟ ಹುಡುಗಿಯೊಬ್ಬಳು ಅವನ ಪಕ್ಕದಲ್ಲಿ, ತುಂಬಿದ ಬಸುರಿ. ನಾನು ಯಾರೆಂದು ಕೇಳುವ ಮೊದಲೇ ಅವನು ನಕ್ಕ. ಆ ನಗುವಿನ ಗುರುತು ಸಿಕ್ಕಿತು. ಕಚಗುಳಿಯಿಟ್ಟ ಹಾಗೆ ನಗುತ್ತಿದ್ದ ಆ ಕೂಸು, ಈಗ ಹೆಂಡತಿಯ ಹೆರಿಗೆಗೆ ನನ್ನ ಬಳಿ ಬಂದಿದ್ದ.

ನಾನು ಮಾತಾಡುವಷ್ಟರಲ್ಲಿ ಪುಟ್ಟಮಾದಮ್ಮ ಮಗನ ತೋಳು ಹಿಡಿದು ನನ್ನೆದುರಿಗೆ ನಿಲ್ಲಿಸಿದಳು. "ಅವ್ವಾ, ಇವನ್ನ ನೋಡು. ನಾ ಇವತ್ತಿನ ಗಂಟ ಇವ್ನ ಮುಂದೆ ಆ ಮಾತ ಆಡ್ನಿಲ್ಲ, ಆಡೋಕೂ ಬುಡ್ನಿಲ್ಲ. ಇವತ್ತು ಆಡ್ಬೇಕು. ನನ್ ಬಾಯಾಗೆ ಬ್ಯಾಡ, ನಿನ್ ಬಾಯಾಗೇ ಬರ್ಲಿ ಅಂತ ಕರ್ಕೊಂಡು ಬಂದೀನಿ. ಏಳವ್ವಾ" ಎಂದಳು.

ನನ್ನ ಬಾಯಿಯಲ್ಲಿ, ಸಭಿಕರೇ. ಆ ಬಾಯಿಯಲ್ಲಿ! ನಾನು ಅವನ ಎದೆಯ ಮೇಲೆ ಕೈಯಿಟ್ಟೆ. ತಲೆ ಮುಟ್ಟೋಣವೆಂದರೆ ಎಟುಕಲಿಲ್ಲ. "ದೊಡ್ಡವನಾದೆ ಕಣಪ್ಪಾ, ತಿಪ್ಪಯ್ಯ. ಬಹಳ ದೊಡ್ಡವನಾದೆ" ಎಂದೆ. ಪುಟ್ಟಮಾದಮ್ಮ ಉಗುಳಲಿಲ್ಲ. ಕಣ್ಣು ಒರೆಸಿಕೊಂಡು, "ಊಂ, ಇನ್ನೊಂದ್ಸಲ ಅನ್ನು" ಎಂದಳು.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ಅಧ್ಯಕ್ಷರಿಗೂ, ನನ್ನಂಥವಳನ್ನು ಈ ವೇದಿಕೆಗೆ ಕರೆದ ಬಸವಮ್ಮನವರಿಗೂ, ಐದು ತುಂಡನ್ನೂ ಕೈತಟ್ಟಿ ಹೇಳಿದ ಮಕ್ಕಳಿಗೂ ನನ್ನ ಕೃತಜ್ಞತೆ. ಆ ಹುಡುಗಿಗೆ ಮೊನ್ನೆ ಹೆಣ್ಣು ಮಗುವಾಯಿತು, ಚೆನ್ನಾಗಿದೆ. ಎಷ್ಟು ತೂಕವೆಂದು ಮಾತ್ರ ಯಾರೂ ಕೇಳಬೇಡಿ, ನಾನು ಹೇಳುವುದಿಲ್ಲ. ಎಲ್ಲರಿಗೂ ನಮಸ್ಕಾರ.